ಸವೆತ ಅಲ್ಲ, ಟೊಳ್ಳು: ಕ್ಯಾನ್ಸರ್ ಆದಮೇಲೆ ಎಲುಬಿನ ಔಷಧಿ ಆರಿಸೋ ಮುಂಚೆ

ನಮ್ಮ ಕಡೆ "ಎಲುಬು ಸವದಾವ" ಅನ್ನೋ ಮಾತಿಗೆ ಇರೋವಷ್ಟು ಅರ್ಥ ಬೇರೆ ಯಾವ ಮಾತಿಗೂ ಇಲ್ಲ ಅನ್ಸುತ್ತೆ. ಮೊಣಕಾಲು ನೋವಾದ್ರೂ ಎಲುಬು ಸವದಾವ, ಸೊಂಟ ಹಿಡಕೊಂಡ್ರೂ ಎಲುಬು ಸವದಾವ, ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮುರಕೊಂಡ್ರೂ ಅದೇ. ಡಾಕ್ಟರುಗಳೂ ಕಡಿಮೆಯಿಲ್ಲ. ಎಕ್ಸ್‌ರೇ ಬೆಳಕಿಗೆ ಹಿಡಿದು "ಮೂಳೆ ಸವೆತ ಅದ ಬೇ" ಅಂದು ಚೀಟಿ ಬರೆದುಬಿಡ್ತಾರೆ. ಆ ಚೀಟಿಯಲ್ಲಿ ಕ್ಯಾಲ್ಸಿಯಂ ಗುಳಿಗೆ ಇರುತ್ತೆ, ನೋವಿನ ಗುಳಿಗೆ ಇರುತ್ತೆ, ಕೆಲವೊಮ್ಮೆ ಇನ್ನೇನೋ ಒಂದು ದುಬಾರಿ ಸೂಜಿಯೂ ಇರುತ್ತೆ. ಯಾವುದು ಯಾತಕ್ಕೆ ಅಂತ ಕೇಳೋರು ಯಾರು?

ಇವೆರಡೂ ಬೇರೆ ಬೇರೆ ರೋಗ ಸ್ವಾಮಿ. ಮೊಣಕಾಲಿನ ಕೀಲಲ್ಲಿ ಎಲುಬಿನ ತುದಿಗೆ ಇರೋ ಮೆತ್ತನೆ ಹೊದಿಕೆ ತೇದು ಹೋಗೋದು ಸವೆತ. ನೋವು ಅದರ ಗುರುತು. ಇನ್ನೊಂದರಲ್ಲಿ ಎಲುಬಿನ ಒಳಗಿನ ಜಾಲರಿಯೇ ತೆಳುವಾಗಿ ಟೊಳ್ಳಾಗುತ್ತೆ, ನುಸಿ ಹಿಡಿದ ತೊಲೆಯ ಹಾಗೆ. ಹೊರಗಿಂದ ನೋಡಿದ್ರೆ ತೊಲೆ ಗಟ್ಟಿ. ನೋವಿಲ್ಲ, ಬಾವಿಲ್ಲ. ಒಂದು ದಿನ ಕೊಡ ಎತ್ತುವಾಗಲೋ, ಬಸ್ಸು ಗುಂಡಿಗೆ ಇಳಿದಾಗಲೋ ಬೆನ್ನಿನ ಮಣಿಯೊಂದು ಕುಸಿಯುತ್ತೆ. ಆಮೇಲೆ ಗೊತ್ತಾಗುತ್ತೆ. ಪುಸ್ತಕದ ಕನ್ನಡದಲ್ಲಿ ಇದಕ್ಕೆ "ಅಸ್ಥಿರಂಧ್ರತೆ" ಅಂತಾರೆ. ನಮ್ಮ ಚಿಗವ್ವನ ಮುಂದೆ ಈ ಪದ ಹೇಳಿದ್ರೆ ಯಾವುದೋ ಪುರಾಣದ ರಾಕ್ಷಸಿ ಅನ್ಕೋತಾಳೆ :) ಅದಕ್ಕೆ ನಾನು ಟೊಳ್ಳೆಲುಬು ಅಂತಲೇ ಬರೀತೀನಿ. ನಿಮಗೆ ಇದಕ್ಕಿಂತ ಒಳ್ಳೇ ಪದ ಹೊಳೆದರೆ ಹೇಳಿ.

ಪದದ ಜಗಳ ಯಾಕೆ ತೆಗೆದೆ ಅಂದ್ರೆ, ಕಳೆದ ವರ್ಷವೆಲ್ಲ ನಮ್ಮ ಮನೇಲಿ ಇದೇ ಮಾತು. ಚಿಗವ್ವನಿಗೆ 2022ರಲ್ಲಿ ಎದೆಯ ಕ್ಯಾನ್ಸರ್ ಆಪರೇಶನ್ ಆಯ್ತು. ಆಮೇಲೆ ಕೀಮೋ, ಆಮೇಲೆ ಕರೆಂಟು (ನಮ್ಮ ಕಡೆ ರೇಡಿಯೇಶನ್ನಿಗೆ ಹೀಗೇ ಅನ್ನೋದು). ಅದೆಲ್ಲ ಮುಗಿದು ದಿನಕ್ಕೊಂದು ಲೆಟ್ರೊಝೋಲ್ ಗುಳಿಗೆ ಮೇಲೆ ಇದ್ದಾಳೆ. ಊರು ಶಿವಯೋಗ ಮಂದಿರದ ಹತ್ತಿರ, ಮಲಪ್ರಭೆ ದಂಡೆ. ಬಾದಾಮಿ ಬನಶಂಕರಿ ನೋಡಿದವರಿಗೂ ಶಿವಯೋಗ ಮಂದಿರ ಗೊತ್ತಿರಲ್ಲ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಠಗಳಿಗೆ ಸ್ವಾಮಿಗಳನ್ನ ತಯಾರು ಮಾಡೋಕೆ ಅಂತ ಹೊಳೆದಂಡೆಯಲ್ಲಿ ಕಟ್ಟಿದ ಜಾಗ. ಅಲ್ಲಿಯ ವಿಭೂತಿ ನಮ್ಮ ಕಡೆ ಎಲ್ಲ ಮನೆಯ ಜಗಲಿ ಮೇಲೂ ಇರುತ್ತೆ. ಬಾಗಲಕೋಟೆಯ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೂ ಅದೇ ಕುಮಾರೇಶ್ವರರ ಹೆಸರು. ಚಿಗವ್ವನ ಲೆಕ್ಕದಲ್ಲಿ ಎರಡೂ ಒಂದೇ ಅಜ್ಜನ ಅಂಗಳ.

ಈಗ ವಿಷಯಕ್ಕೆ ಬರ್ತೀನಿ. ನಾನು ಡಾಕ್ಟರಲ್ಲ. ಚಿಗವ್ವನ ಫೈಲು ಹೊತ್ತುಕೊಂಡು ಓಡಾಡಿದವಳು, ಸಿಕ್ಕಿದ್ದೆಲ್ಲ ಓದಿದವಳು. ಹಂಗಾಗಿ ಇದು ನನ್ನ ಅಭಿಪ್ರಾಯ, ಯಾರ ಚೀಟಿಯೂ ಅಲ್ಲ.

ಕ್ಯಾನ್ಸರಿಗೂ ಎಲುಬಿಗೂ ಏನು ಸಂಬಂಧ ಅಂತ ಚಿಗವ್ವನೇ ಕೇಳಿದ್ಲು. "ಅಲ್ಲ ಯವ್ವಾ, ರೋಗ ಹೋತಂತ ಅವರs ಹೇಳಿದ್ರು. ಮತ್ತ ಈಗ ಎಲುಬಿನ ಪರೀಕ್ಷಾ ಯಾಕ?" ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ಮಾಡೋದನ್ನ ನಿಲ್ಲಿಸುತ್ತೆ, ಆದರೂ ಮೈಯ ಕೊಬ್ಬು, ಸ್ನಾಯು ಇವೆಲ್ಲ ಸ್ವಲ್ಪ ಸ್ವಲ್ಪ ತಯಾರು ಮಾಡ್ತಾ ಇರ್ತವೆ. ಕೆಲವು ಎದೆಯ ಕ್ಯಾನ್ಸರು ಆ ಈಸ್ಟ್ರೋಜನ್ ಉಂಡೇ ಬೆಳೆಯೋವು. ಲೆಟ್ರೊಝೋಲ್, ಅನಾಸ್ಟ್ರೊಝೋಲ್, ಎಕ್ಸೆಮೆಸ್ಟೇನ್ ಇವು ಆ ಉಳಿದ ಚೂರನ್ನೂ ಕತ್ತರಿಸ್ತವೆ. ಕ್ಯಾನ್ಸರ್ ಉಪವಾಸ ಬೀಳುತ್ತೆ. ಆದ್ರೆ ಎಲುಬೂ ಅದನ್ನೇ ನೆಚ್ಚಿಕೊಂಡಿತ್ತಲ್ಲ, ಅದೂ ಉಪವಾಸ. ಮಾಮೂಲಿ ಮುಟ್ಟು ನಿಂತವರಿಗಿಂತ ಜೋರಾಗಿ ಟೊಳ್ಳಾಗುತ್ತೆ. ಟಾಮೊಕ್ಸಿಫೆನ್ ತಗೊಳ್ಳೋ ಮುಟ್ಟು ನಿಂತವರಿಗೆ ಹೀಗಾಗಲ್ಲ, ಆ ಗುಳಿಗೆ ಅವರ ಎಲುಬನ್ನ ಕಾಯುತ್ತೆ. ಪಕ್ಕದ ಮನೆಯವರಿಗೂ ಕ್ಯಾನ್ಸರ್ ಆಗಿತ್ತು, ಅವರಿಗೆ ಎಲುಬಿನ ಸೂಜಿ ಹಾಕಿಲ್ಲ ಅನ್ನೋ ತಕರಾರಿಗೆ ಉತ್ತರ ಇದೂ ಆಗಿರಬಹುದು.

(ಲೆಟ್ರೊಝೋಲಿನಿಂದ ಕೈಬೆರಳು, ಕೀಲು ನೋವು ಬರೋದುಂಟು, ಅದು ಬೇರೆ. ನೋವಿಗೆ ಹೆದರಿ ಗುಳಿಗೆ ತಾವೇ ಬಿಟ್ಟವರನ್ನ ನೋಡಿದ್ದೀನಿ. ಬಿಡೋ ಮುಂಚೆ ಡಾಕ್ಟರಿಗೆ ಹೇಳಿ, ಅದೇ ಗುಂಪಿನ ಬೇರೆ ಗುಳಿಗೆಗೆ ಬದಲಾಯಿಸೋದು ಸಾಧ್ಯ.)

ಡೆಕ್ಸಾ ಅನ್ನೋ ಸ್ಕ್ಯಾನ್ ಮಾಡಿಸಿದ್ವಿ. ಚಪ್ಪೆಯ ಟಿ ಸ್ಕೋರ್ ಮೈನಸ್ 2.8 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ರೆ ಟೊಳ್ಳೆಲುಬು ಅಂತ ಲೆಕ್ಕ. ಊರೂರಲ್ಲಿ "ಉಚಿತ ಮೂಳೆ ತಪಾಸಣೆ" ಅಂತ ಹಿಮ್ಮಡಿ ಇಡೋ ಸಣ್ಣ ಮಶೀನು ತಂದು ಮಾಡ್ತಾರಲ್ಲ, ಅದು ಈ ಸ್ಕ್ಯಾನ್ ಅಲ್ಲ. ಅದರ ಚೀಟಿ ಹಿಡಿದು ಔಷಧಿ ಶುರು ಮಾಡೋದು ನನಗಂತೂ ಒಪ್ಪಿಗೆಯಿಲ್ಲ.

ಆಮೇಲೆ ಶುರುವಾಯ್ತು ನೋಡಿ ಸಂತೆ. ಮೂರು ಡಾಕ್ಟರು, ಮೂರು ಔಷಧಿ.

ಕ್ಯಾನ್ಸರ್ ಡಾಕ್ಟರು ಆರು ತಿಂಗಳಿಗೊಮ್ಮೆ ಝೊಲೆಡ್ರೊನಿಕ್ ಆಸಿಡ್ ಸಲೈನಿನಲ್ಲಿ ಹಾಕೋಣ ಅಂದ್ರು. ಸಂಬಂಧಿಕರೊಬ್ಬರು ಕರೆದುಕೊಂಡು ಹೋದ ಎಲುಬಿನ ಡಾಕ್ಟರು (ಊರು, ಹೆಸರು ಬೇಡ) ದಿನಾ ಚುಚ್ಚಿಕೊಳ್ಳೋ ಟೆರಿಪ್ಯಾರಟೈಡ್ ಪೆನ್ನು ಬರೆದ್ರು, "ಇದೊಂದೇ ಹೊಸ ಎಲುಬು ಕಟ್ಟೋದು" ಅಂತ. ಹೊಸ ಎಲುಬು ಕಟ್ಟೋದೇನೋ ನಿಜ. ಆದ್ರೆ ಆ ಪುಣ್ಯಾತ್ಮ ಒಂದು ಪ್ರಶ್ನೆ ಕೇಳಲಿಲ್ಲ: ಕರೆಂಟು ಕೊಟ್ಟಿದ್ದಾರಾ? ಎದೆಗೆ ರೇಡಿಯೇಶನ್ ಆದವರಿಗೆ ಪಕ್ಕೆಲುಬಿಗೂ ಅದು ತಾಕಿರುತ್ತೆ. ಅಂಥವರಿಗೆ, ಅದರಲ್ಲೂ ಕ್ಯಾನ್ಸರ್ ಆಗಿ ಹೆಚ್ಚು ವರ್ಷ ಆಗದವರಿಗೆ, ಟೆರಿಪ್ಯಾರಟೈಡ್ ಬೇಡ ಅಂತ ಆ ಔಷಧಿ ಜೊತೆಗಿನ ಕಾಗದದಲ್ಲೇ ಎಚ್ಚರಿಕೆ ಇರುತ್ತೆ. ಇಲಿಗಳಲ್ಲಿ ಎಲುಬಿನ ಕ್ಯಾನ್ಸರ್ ಕಂಡಿದ್ದಕ್ಕೆ ಹಾಕಿದ್ದ ದಪ್ಪಕ್ಷರದ ಎಚ್ಚರಿಕೆಯನ್ನ ಅಮೆರಿಕದಲ್ಲಿ 2020ರಲ್ಲಿ ತೆಗೆದರು, ಮನುಷ್ಯರಲ್ಲಿ ಹಂಗೆ ಕಾಣಲಿಲ್ಲ ಅಂತ. ಆದ್ರೆ ರೇಡಿಯೇಶನ್ ಆದವರ ಮಾತು ಹಂಗೇ ಉಳಿದಿದೆ. ನಾವೇ ಬಾಯಿಬಿಟ್ಟು ಹೇಳಿದ ಮೇಲೆ ಅವರು ಚೀಟಿ ವಾಪಸ್ ಇಸಕೊಂಡ್ರು. ಹೇಳದಿದ್ರೆ?

ಮೂರನೆಯವರು "ಲೇಟೆಸ್ಟ್" ಔಷಧಿ ಅಂತ ಡೆನೊಸುಮ್ಯಾಬ್ ಹೇಳಿದ್ರು. ಆರು ತಿಂಗಳಿಗೊಂದು ಚರ್ಮದ ಕೆಳಗಿನ ಸೂಜಿ, 60 ಮಿಲಿಗ್ರಾಂ. ಸಲೈನ್ ಬೇಡ, ಮಲಗಬೇಕಿಲ್ಲ, ಜ್ವರ ಬರಲ್ಲ, ಎರಡು ನಿಮಿಷದ ಕೆಲಸ. ಚಿಗವ್ವನಿಗೆ ಬಹಳ ಹಿಡಿಸ್ತು. ನನಗೂ ಮೊದಲ ದಿನ ಹಿಡಿಸಿತ್ತು. ಅದು ಕೆಟ್ಟ ಔಷಧಿ ಅಂತ ದಯವಿಟ್ಟು ಯಾರೂ ತಿಳೀಬೇಡಿ. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಆಸ್ಟ್ರಿಯಾದ ಒಂದು ದೊಡ್ಡ ಅಧ್ಯಯನದಲ್ಲಿ, ನಮ್ಮ ಚಿಗವ್ವನಂಥವರೇ, ಮುಟ್ಟು ನಿಂತು ಲೆಟ್ರೊಝೋಲ್ ಗುಂಪಿನ ಗುಳಿಗೆ ತಗೊಳ್ಳೋ 3,400ಕ್ಕೂ ಹೆಚ್ಚು ಹೆಣ್ಣುಮಕ್ಕಳಲ್ಲಿ, ಈ ಸೂಜಿ ಎಲುಬು ಮುರಿತವನ್ನ ಅರ್ಧಕ್ಕೆ ಇಳಿಸಿತು. ಅರ್ಧಕ್ಕೆ! ಸಣ್ಣ ಮಾತಲ್ಲ.

ತೊಂದರೆ ಇರೋದು ಶುರು ಮಾಡೋದರಲ್ಲಿ ಅಲ್ಲ, ಬಿಡೋದರಲ್ಲಿ.

ಎಲುಬು ಅಂದ್ರೆ ಸತ್ತ ಕಲ್ಲಲ್ಲ. ಅದರೊಳಗೆ ಹಳೇದನ್ನ ಕೆಡವೋ ಜೀವಕೋಶಗಳೂ ಇವೆ, ಹೊಸದನ್ನ ಕಟ್ಟೋವೂ ಇವೆ. ಡೆನೊಸುಮ್ಯಾಬ್ ಕೆಡವೋರು ತಯಾರಾಗೋದನ್ನೇ ತಡೀತದೆ. ಆರು ತಿಂಗಳು ಗೇಟು ಬಂದ್. ಅಷ್ಟು ದಿನ ಎಲುಬು ಗಟ್ಟಿಯಾಗ್ತಾ ಹೋಗುತ್ತೆ. ಆದ್ರೆ ಈ ಔಷಧಿ ಎಲುಬಿನಲ್ಲಿ ಉಳಿಯಲ್ಲ, ಕರಗಿ ಹೋಗುತ್ತೆ. ಮುಂದಿನ ಸೂಜಿ ತಪ್ಪಿತು ಅನ್ನಿ, ಹಿಂದೆ ನಿಂತಿದ್ದ ಅಷ್ಟೂ ಒಮ್ಮೆಲೆ ನುಗ್ಗುತ್ತೆ. ನಮ್ಮ ಹೊಳೆದಂಡೆಯವರಿಗೆ ಇದನ್ನ ವಿವರಿಸೋದು ಸುಲಭ. ನವಿಲುತೀರ್ಥ ಡ್ಯಾಮಿನ ಗೇಟು ಎತ್ತಿದಾಗ ಏನಾಗುತ್ತೆ ಅಂತ ಎಲ್ಲರೂ ಕಂಡಿದ್ದಾರೆ. ಗಳಿಸಿದ್ದ ಸಾಂದ್ರತೆಯೆಲ್ಲ ಒಂದೆರಡು ವರ್ಷದೊಳಗೆ ಹೋಗುತ್ತೆ, ಅದಕ್ಕಿಂತ ಕೆಟ್ಟದ್ದು ಏನಂದ್ರೆ ಕೆಲವರಿಗೆ ಬೆನ್ನಿನ ಮಣಿಗಳು ಒಂದಲ್ಲ, ಎರಡು ಮೂರು ಒಟ್ಟಿಗೆ ಕುಸೀತವೆ.

ನಮ್ಮ ಬೀಗರ ಕಡೆಯ ಒಬ್ಬ ಅಜ್ಜಿಗೆ ಇದೇ ಆಯ್ತು. ಎರಡು ಸೂಜಿ ತಗೊಂಡ್ರು. ಆರಾಮ ಅನ್ನಿಸ್ತು. ಮೂರನೆಯದಕ್ಕೆ "ಈಗ ಎಲ್ಲಾ ಸರಿ ಅದ, ಯಾಕ ರೊಕ್ಕ ಸುಡೋದು" ಅಂತ ಮನೆಯವರೇ ಬಿಟ್ರು. ವರ್ಷ ತುಂಬೋದರೊಳಗೆ ಹಿಟ್ಟಿನ ಡಬ್ಬಿ ಇಳಿಸುವಾಗ ಬೆನ್ನು ಹಿಡೀತು, ನೋಡಿದ್ರೆ ಮೂರು ಮಣಿ ಕುಸಿದಿದ್ವು. ಆ ಮನೆಯವರನ್ನ ನಾನು ಬೈಯೋದಿಲ್ಲ. ಸೂಜಿ ಹಾಕಿದ ಕಡೆ ಯಾರೂ ಅವರಿಗೆ "ಇದನ್ನ ಸುಮ್ಮನೆ ಬಿಡಬಾರದು, ಬಿಡೋದಾದ್ರೆ ಇನ್ನೊಂದು ಔಷಧಿ ಮೇಲೆ ಇಳೀಬೇಕು" ಅಂತ ಒಂದು ಮಾತು ಹೇಳಿರಲಿಲ್ಲ. ರಶೀದಿ ಮಾತ್ರ ಕೊಟ್ಟಿದ್ರು.

ಅದಕ್ಕೇ ನಾನು ಹೇಳೋದು: ಔಷಧಿ ಆರಿಸುವಾಗ "ಯಾವುದು ಹೆಚ್ಚು ಸ್ಟ್ರಾಂಗ್" ಅಂತ ಕೇಳೋದನ್ನ ಬಿಟ್ಟು "ಒಂದು ಸಲ ತಪ್ಪಿದ್ರೆ ಏನಾಗುತ್ತೆ" ಅಂತ ಕೇಳಬೇಕು. ಬೆಂಗಳೂರಿನ ಜಯನಗರದಲ್ಲಿ ಕೂತವರಿಗೆ ಆರು ತಿಂಗಳಿಗೊಮ್ಮೆ ಅನ್ನೋದು ಫೋನಿನ ಅಲಾರಾಂ. ಹೊಳೆದಂಡೆಯ ಹಳ್ಳಿಯಲ್ಲಿ ಅದು ಬೇರೆ ಲೆಕ್ಕ. ಕರೆದುಕೊಂಡು ಹೋಗೋ ಮಗ ಗೋವಾಕ್ಕೆ ಕೆಲಸಕ್ಕೆ ಹೋಗಿರ್ತಾನೆ. ಕಡಲೆ ಕೀಳೋ ಹೊತ್ತು ಬಂದಿರುತ್ತೆ. ಸೊಸೆ ಬಾಣಂತಿ. 2009ರ ಪ್ರವಾಹ ನೆನಪಿದೆಯಲ್ಲ? ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಬಾದಾಮಿ ತಾಲೂಕಿನ ಹಳ್ಳಿಗಳಿಗೆ ನುಗ್ಗಿತು, ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು ನಿಂತಿತ್ತು. ಆ ವಾರ ಯಾರ ಸೂಜಿಯ ತಾರೀಖು ಇತ್ತೋ! ಮುಂದಿನ ವರ್ಷವೇ ಲಾಕ್‌ಡೌನ್. ಆಗ ಜಗತ್ತಿನ ಎಲುಬಿನ ಡಾಕ್ಟರುಗಳ ಸಂಘಗಳೆಲ್ಲ ಸೇರಿ ಒಂದು ಸೂಚನೆ ಹೊರಡಿಸಬೇಕಾಯ್ತು: ಡೆನೊಸುಮ್ಯಾಬ್ ಹಾಕಿ ಏಳು ತಿಂಗಳು ದಾಟಿಸಬೇಡಿ, ಆಸ್ಪತ್ರೆಗೆ ಬರೋಕೆ ಆಗದಿದ್ರೆ ತಾತ್ಕಾಲಿಕವಾಗಿ ಗುಳಿಗೆಗೆ ಬದಲಾಯಿಸಿ ಅಂತ. ಬೇರೆ ಎಲುಬಿನ ಔಷಧಿಗಳ ಬಗ್ಗೆ ಅಷ್ಟು ಗಾಬರಿ ಯಾರಿಗೂ ಆಗಲಿಲ್ಲ.

ಝೊಲೆಡ್ರೊನಿಕ್ ಆಸಿಡ್ ಹಳೇ ಔಷಧಿ. ಹಳೇದು ಅನ್ನೋದೇ ಅದರ ಮೇಲಿನ ದೊಡ್ಡ ಆರೋಪ :) ಅದು ಎಲುಬಿಗೆ ಅಂಟಿಕೊಂಡು ಕೂರುತ್ತೆ, ವರ್ಷಗಟ್ಟಲೆ ನಿಧಾನವಾಗಿ ಕೆಲಸ ಮಾಡುತ್ತೆ. ನ್ಯೂಜಿಲೆಂಡಿನಲ್ಲಿ 65 ದಾಟಿದ 2000 ಹೆಣ್ಣುಮಕ್ಕಳಿಗೆ ಒಂದೂವರೆ ವರ್ಷಕ್ಕೊಮ್ಮೆ ಕೊಟ್ಟು ಆರು ವರ್ಷ ನೋಡಿದ್ರು. ಇವರೆಲ್ಲ ಪೂರ್ತಿ ಟೊಳ್ಳಾಗದೆ ಎಲುಬು ತೆಳುವಾಗ್ತಾ ಇದ್ದವರು. ಮುರಿತ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಯ್ತು ಅಂತ 2018ರಲ್ಲಿ ಪ್ರಕಟವಾಯ್ತು. ಅಂದ್ರೆ ತಾರೀಖು ಒಂದೆರಡು ತಿಂಗಳು ಆಚೀಚೆ ಆದ್ರೆ ಆಕಾಶ ಬೀಳಲ್ಲ. ಹೊಳೆ ಬಂದ್ರೂ ಸರಿ, ಹೊಲ ಕರೆದ್ರೂ ಸರಿ.

ಇನ್ನೊಂದು ಲಾಭ ಇದೆ, ಇದನ್ನ ಬಹಳ ಜನ ಹೇಳೋದೇ ಇಲ್ಲ. ಎದೆಯ ಕ್ಯಾನ್ಸರ್ ಮರಳಿ ಬಂದ್ರೆ ಮೊದಲು ಕೂರೋ ಜಾಗಗಳಲ್ಲಿ ಎಲುಬೂ ಒಂದು. 2015ರಲ್ಲಿ ಲ್ಯಾನ್ಸೆಟ್‌ನಲ್ಲೇ ಬಂದ ಇನ್ನೊಂದು ಲೆಕ್ಕದಲ್ಲಿ 26 ಅಧ್ಯಯನಗಳ 18,766 ಹೆಣ್ಣುಮಕ್ಕಳನ್ನ ಒಟ್ಟು ಹಾಕಿ ನೋಡಿದ್ರು. ಮುಟ್ಟು ನಿಂತವರಲ್ಲಿ ಈ ಗುಂಪಿನ (ಬಿಸ್‌ಫಾಸ್ಫೊನೇಟ್ ಅಂತಾರೆ) ಔಷಧಿ ತಗೊಂಡವರಿಗೆ ಎಲುಬಿನಲ್ಲಿ ಕ್ಯಾನ್ಸರ್ ಮರಳೋದು ಕಡಿಮೆ, ಹತ್ತು ವರ್ಷದಲ್ಲಿ ಎದೆಯ ಕ್ಯಾನ್ಸರಿನಿಂದ ಸಾಯೋದೂ ಕಡಿಮೆ: ನೂರರಲ್ಲಿ 18 ಇದ್ದದ್ದು ಸುಮಾರು 15. ಮೂರು ಜನ ಅಂದ್ರೆ ಕಡಿಮೆ ಅನ್ನಿಸಬಹುದು. ಆ ಮೂರರಲ್ಲಿ ನಿಮ್ಮ ಚಿಗವ್ವ ಇದ್ರೆ ಕಡಿಮೆ ಅನ್ಸಲ್ಲ. ಮುಟ್ಟು ನಿಲ್ಲದವರಲ್ಲಿ ಈ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ಡೆನೊಸುಮ್ಯಾಬ್‌ಗೆ ಇಂಥ ಲಾಭ ಇದೆಯಾ ಅಂತ ನೋಡಿದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಅದು ಸಿಗಲಿಲ್ಲ.

ಮೇಲಾಗಿ ಬಹಳ ಕಂಪನಿಗಳು ಮಾಡೋದರಿಂದ ಅಗ್ಗವಾಗಿ ಸಿಗುತ್ತೆ. ಬ್ರ್ಯಾಂಡ್ ಬ್ರ್ಯಾಂಡಿಗೂ ಬೆಲೆ ಬೇರೆ, ಬರೆಸುವಾಗ ಔಷಧಿಯ ಮೂಲ ಹೆಸರು ಬರೆಸಿಕೊಂಡು ನಾಲ್ಕು ಕಡೆ ವಿಚಾರಿಸಿ.

ಹಾಗಂತ ಇದು ಅಮೃತ ಅಲ್ಲ. ಮೊದಲ ಸಲ ಹಾಕಿದ ಮರುದಿನ ಜ್ವರ, ಮೈಕೈ ನೋವು ಬರಬಹುದು. ಚಿಗವ್ವನಿಗೆ ಎರಡು ದಿನ ಬಂತು. "ನೀ ಹೇಳಿದ್ದಿ ಛಲೋ ಆತು, ಇಲ್ಲಂದ್ರ ಮತ್ತ ರೋಗ ಬಂತಂತ ಎದಿ ಒಡಕೋತಿದ್ನಿ" ಅಂದ್ಲು. ಒಂದು ಪ್ಯಾರಸಿಟಮಾಲ್, ಚೆನ್ನಾಗಿ ನೀರು, ಅಷ್ಟೇ. ಎರಡನೇ ಸಲ ಏನೂ ಆಗಲಿಲ್ಲ. ಹಾಕೋ ಮುಂಚೆ ಕಿಡ್ನಿಯ ಪರೀಕ್ಷೆ (ಕ್ರಿಯಾಟಿನಿನ್) ಆಗಲೇಬೇಕು, ಕಿಡ್ನಿ ಬಹಳ ಸೋತಿದ್ರೆ ಇದು ಬೇಡ. ಅಂಥವರಿಗೆ ಡೆನೊಸುಮ್ಯಾಬ್ ಕಡೆ ನೋಡಬೇಕಾಗುತ್ತೆ, ಅಲ್ಲೂ ಕ್ಯಾಲ್ಸಿಯಂ ಕುಸಿಯದ ಹಾಗೆ ಕಾಯಬೇಕು. ಎರಡರಲ್ಲಿ ಯಾವುದೇ ಆದ್ರೂ ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲು ಸರಿ ಇರಬೇಕು.

ಮತ್ತೆ ಹಲ್ಲು! ಇದನ್ನ ದೊಡ್ಡದಾಗಿ ಹೇಳ್ತೀನಿ, ಯಾಕಂದ್ರೆ ನಮ್ಮ ಹಳ್ಳಿಗಳಲ್ಲಿ ಕಡ್ಡಿಪುಡಿ ತಿಕ್ಕೋ ಹೆಂಗಸರು ಎಷ್ಟಿಲ್ಲ. ಈ ಎರಡೂ ಔಷಧಿಗಳಲ್ಲಿ ಅಪರೂಪಕ್ಕೆ ದವಡೆಯ ಎಲುಬು ಸತ್ತು, ಹುಣ್ಣು ಮಾಯದೇ ಉಳಿಯೋ ತೊಂದರೆ ಬರುತ್ತೆ. ಹಲ್ಲು ಕಿತ್ತಿಸಿದಾಗ ಅದು ಶುರುವಾಗೋದು ಹೆಚ್ಚು. ಹಂಗಾಗಿ ಅಲ್ಲಾಡೋ ಹಲ್ಲು, ಹುಳುಕು ಏನಿದ್ರೂ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಮುಗಿಸಿ, ಗಾಯ ಮಾಯಲಿ, ಆಮೇಲೆ ಸೂಜಿ. ಚಿಗವ್ವನ ಎರಡು ಹಲ್ಲು ಹೋದ್ವು, ಎರಡು ತಿಂಗಳು ತಡವಾಯ್ತು, ಆದ್ರೆ ಆ ತಡ ಸಾರ್ಥಕ. ಇನ್ನೊಂದು ಅಪರೂಪದ್ದು, ವರ್ಷಗಟ್ಟಲೆ ತಗೊಂಡವರಿಗೆ ತೊಡೆಯ ಎಲುಬು ವಿಚಿತ್ರವಾಗಿ ಅಡ್ಡಕ್ಕೆ ಮುರಿಯೋದು. ಅದಕ್ಕೂ ಮುಂಚೆ ತೊಡೆಯಲ್ಲೋ ಗೆಜ್ಜೆಯಲ್ಲೋ ಕೊರೆಯೋ ನೋವು ಶುರುವಾದ್ರೆ ಸುಮ್ಮನೆ ತಡೆದುಕೊಳ್ಳಬಾರದು, ತೋರಿಸಬೇಕು.

ನಮ್ಮ ಕಡೆ ಗೊಂದಲ ಮಾಡೋ ಇನ್ನೊಂದು ಸಂಗತಿ ಅಂದ್ರೆ ಇದೇ ಔಷಧಿಗಳನ್ನ ಎಲುಬಿಗೆ ಕ್ಯಾನ್ಸರ್ ಹರಡಿದವರಿಗೂ ಕೊಡ್ತಾರೆ. ಆದ್ರೆ ಬಹಳ ಹೆಚ್ಚು ಡೋಸು, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ. ದವಡೆಯ ತೊಂದರೆ ಜಾಸ್ತಿ ಕಾಣೋದೂ ಅವರಲ್ಲೇ. "ಆ ಊರಿನ ಶಿಕ್ಷಕರ ಹೆಂಡತಿಗೆ ಇದೇ ಸೂಜಿ ಹಾಕಿದ್ರು, ಆರು ತಿಂಗಳಿಗೆ ಹೋದ್ಲು" ಅಂತ ಯಾರೋ ಬಂದು ಚಿಗವ್ವನ ಮುಂದೆ ಹೇಳಿ ಹೋದ್ರು. ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ಆಕೆ ಹೋದದ್ದು ರೋಗದಿಂದ, ಸೂಜಿಯಿಂದಲ್ಲ ಅಂತ ತಿಳಿಸಿ ಹೇಳೋಕೆ ನನಗೆ ಎರಡು ದಿನ ಬೇಕಾಯ್ತು.

ಇನ್ನು ವಾರಕ್ಕೊಂದು ಅಲೆಂಡ್ರೊನೇಟ್ ಗುಳಿಗೆ. ಬರೇ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ನೆಟ್ಟಗೆ ಕೂರಬೇಕು, ಇಲ್ಲಾಂದ್ರೆ ಅನ್ನನಾಳ ಸುಡುತ್ತೆ. ಚಿಗವ್ವ ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕೋಳಲ್ಲ, ಹಂಗಾಗಿ ಪೂಜೆಯ ನಂತರ ಗುಳಿಗೆ, ಆಮೇಲೆ ಇನ್ನರ್ಧ ಗಂಟೆ ಚಹಾ ಇಲ್ಲ. "ಚಾ ಇಲ್ಲದ ಅರ್ಧ ತಾಸು ಶಿವಯೋಗ ಮಂದಿರದ ವಟುಗಳಿಗೂ ಆಗಂಗಿಲ್ಲ" ಅಂದ್ಲು. ಅದೂ ಅಲ್ಲದೆ ಆ ಹೊತ್ತಿಗೇ ಬಗ್ಗಿ ಹಿಂಡಬೇಕು, ಬಗ್ಗಿ ಕಸ ಹೊಡೀಬೇಕು. ಹೊಟ್ಟೆ ಉರಿ ಇಲ್ಲದ, ಶಿಸ್ತಾಗಿ ತಗೊಳ್ಳೋ ಮಂದಿಗೆ ಇದು ಒಳ್ಳೇ ಔಷಧಿಯೇ. ಚಿಗವ್ವ ಆ ಮಂದಿಯಲ್ಲ.

ಹಾರ್ಮೋನ್ ಗುಳಿಗೆಯಂತೂ ಈ ಕ್ಯಾನ್ಸರ್ ಆದವರಿಗೆ ಹತ್ತಿರವೂ ಸುಳಿಯಬಾರದು. ರಲಾಕ್ಸಿಫೀನ್ ಕೂಡ ಲೆಟ್ರೊಝೋಲ್ ಜೊತೆಗೆ ಬೇಡ.

ಒಂದು ವಿಷಯ ನಮ್ಮ ಜಿಲ್ಲೆಯ ಡಾಕ್ಟರುಗಳು ಗಮನಿಸಲಿ ಅಂತ ನನ್ನ ಆಸೆ. ಹುನಗುಂದ, ಇಳಕಲ್ ಕಡೆಯ ಬೋರಿನ ನೀರಿನಲ್ಲಿ ಫ್ಲೋರೈಡ್ ಇರೋದು ಹೊಸ ಸುದ್ದಿಯಲ್ಲ, ಅಲ್ಲಿಯ ಮಕ್ಕಳ ಹಲ್ಲೇ ಹೇಳ್ತವೆ. ಫ್ಲೋರೈಡ್ ಹೆಚ್ಚಾದ್ರೆ ಎಲುಬು ಸ್ಕ್ಯಾನಿನಲ್ಲಿ ದಟ್ಟವಾಗಿ ಕಾಣುತ್ತೆ, ಬೆನ್ನೆಲುಬಂತೂ ಇನ್ನೂ ದಟ್ಟ. ಆದ್ರೆ ಅದು ಗಟ್ಟಿಯಲ್ಲ, ಪೆಡಸು. ಒಂದು ಕಾಲದಲ್ಲಿ ಫ್ಲೋರೈಡನ್ನೇ ಟೊಳ್ಳೆಲುಬಿಗೆ ಔಷಧಿಯಾಗಿ ಕೊಡ್ತಿದ್ರು ಅಂದ್ರೆ ನಂಬ್ತೀರಾ? 1990ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಅಧ್ಯಯನ ಬಂತು: ನಾಲ್ಕು ವರ್ಷದಲ್ಲಿ ಸೊಂಟದ ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ 35ರಷ್ಟು ಏರಿತು, ಆದ್ರೆ ಮಣಿ ಕುಸಿಯೋದು ಹೇಳಿಕೊಳ್ಳೋ ಹಾಗೆ ತಗ್ಗಲಿಲ್ಲ, ಕೈಕಾಲು ಮುರಿಯೋದು ಹೆಚ್ಚಾಯ್ತು. ಅಲ್ಲಿಗೆ ಆ ಔಷಧಿಯ ಕಥೆ ಮುಗೀತು. ಹಂಗಾಗಿ ಇಳಕಲ್ಲಿನಿಂದ ಬಂದ ಹೆಣ್ಣುಮಗಳ ಬೆನ್ನಿನ ಟಿ ಸ್ಕೋರ್ ಚೆನ್ನಾಗಿದೆ ಅಂದಮಾತ್ರಕ್ಕೆ "ನಿಮಗೇನೂ ಬೇಡ" ಅನ್ನೋ ಮುಂಚೆ, ಯಾವ ನೀರು ಕುಡಿದು ಬೆಳೆದಿದ್ದೀರಿ ಅಂತ ಒಂದು ಮಾತು ಕೇಳಬಾರದಾ?

ಊಟದ ಬಗ್ಗೆ ಸಲಹೆ ಕೊಡೋರಿಗೆ ಬರವಿಲ್ಲ, ನಾನೂ ಎರಡು ಸಾಲು ಹೇಳಿಬಿಡ್ತೀನಿ. ನಮ್ಮ ಪ್ರೀತಿಯ ಜೋಳದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಕಡಿಮೆ, ನೂರು ಗ್ರಾಂ ಜೋಳದಲ್ಲಿ 30 ಮಿಲಿಗ್ರಾಮೂ ಇಲ್ಲ. ರಾಗಿಯಲ್ಲಿ 340ಕ್ಕೂ ಮೇಲೆ. ಮೈಸೂರಿನವರು ಮುದ್ದೆ ಹೊಗಳಿದಾಗ ಇದೊಂದು ಕಾರಣಕ್ಕೆ ಸುಮ್ಮನಿರ್ತೀನಿ. ಆದ್ರೆ ನಮ್ಮ ಗುರೆಳ್ಳು ಹಿಂಡಿ, ಎಳ್ಳು, ಮೊಸರು ಆ ಕೊರತೆ ತುಂಬ್ತವೆ. ಎಲೆ ಅಡಿಕೆಗೆ ಹಚ್ಚೋ ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ ಅಂತ ವಾದ ಮಾಡೋರಿಗೆ: ಅಡಿಕೆ ಬಾಯಿಯ ಕ್ಯಾನ್ಸರ್ ತರುತ್ತೆ, ಒಂದು ಕ್ಯಾನ್ಸರ್ ಸಾಲದಾ? ವಿಭೂತಿ ಹಣೆಗೆ ಹಚ್ಚಿ, ಮೊಣಕಾಲಿಗೂ ಬೇಕಾದ್ರೆ ಹಚ್ಚಿ, ನುಂಗಬೇಡಿ. ಮತ್ತೆ ಬಚ್ಚಲಿನ ಪಾಚಿ ತಿಕ್ಕಿಸಿ, ಕಣ್ಣಿನ ಪೊರೆ ತೆಗೆಸಿ. ಬೀಳದಿದ್ರೆ ಅರ್ಧ ಗೆದ್ದ ಹಾಗೆ. ಹೊಸದಾಗಿ ಬೆನ್ನು ನೋವು ಬಂದು ಮಲಗಿದ್ರೂ ಬಿಡದಿದ್ರೆ ಮಾತ್ರ ಟೊಳ್ಳೆಲುಬು ಅಂತ ತಾವೇ ತೀರ್ಮಾನ ಮಾಡದೆ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ.

ಡೆನೊಸುಮ್ಯಾಬ್ ಈಗಾಗಲೇ ಶುರು ಮಾಡಿದವರು ಇದನ್ನ ಓದಿ ಗಾಬರಿಯಾಗಿ ನಿಲ್ಲಿಸಬೇಡಿ, ದಯವಿಟ್ಟು! ಅದು ಎಲ್ಲಕ್ಕಿಂತ ಕೆಟ್ಟ ದಾರಿ. ತಾರೀಖಿಗೆ ಸರಿಯಾಗಿ ಹಾಕಿಸಿಕೊಳ್ತಾ ಇರಿ. ಬಿಡಬೇಕು ಅನ್ನಿಸಿದ್ರೆ ಕೊನೆಯ ಸೂಜಿಯಾಗಿ ಸುಮಾರು ಆರು ತಿಂಗಳಿಗೆ ಝೊಲೆಡ್ರೊನಿಕ್ ಆಸಿಡ್ ಹಾಕಿ ಇಳಿಸ್ತಾರೆ, ಆಮೇಲೂ ನೋಡ್ತಾ ಇರ್ತಾರೆ. ಈ ಮಾತನ್ನ ಡಾಕ್ಟರ ಜೊತೆ ಆಡಿ. ನನ್ನ ಸಿಟ್ಟು ಔಷಧಿಯ ಮೇಲಲ್ಲ. ಮೊದಲ ಸೂಜಿಯ ದಿನವೇ ಕೊನೆಯ ಸೂಜಿಯ ಮಾತು ಆಡದೆ, ಅದನ್ನ "ಆರು ತಿಂಗಳಿಗೊಮ್ಮೆ ಬರ್ರಿ" ಅಂತ ಟಾನಿಕ್ ಮಾರಿದ ಹಾಗೆ ಕೊಟ್ಟು ಕಳಿಸ್ತಾರಲ್ಲ, ಅದರ ಮೇಲೆ. ಓದು ಬಾರದ, ಮಗನ ಬೈಕು ಕಾಯೋ ಹೆಂಗಸಿಗೆ ಇದನ್ನ ಕನ್ನಡದಲ್ಲಿ ಐದು ನಿಮಿಷ ಕೂತು ಹೇಳೋದು ಚಿಕಿತ್ಸೆಯ ಭಾಗ ಅಂತ ನಾನು ನಂಬಿದ್ದೀನಿ. ಆ ಐದು ನಿಮಿಷ ಇಲ್ಲದ ಕಡೆ ಡೆನೊಸುಮ್ಯಾಬ್ ಕೊಡಲೇಬಾರದು.

ಚಿಗವ್ವ ಝೊಲೆಡ್ರೊನಿಕ್ ಆರಿಸಿದ್ಲು. ಕಾರಣ ಕೇಳಿದ್ರೆ ಲ್ಯಾನ್ಸೆಟ್ಟೂ ಇಲ್ಲ ಏನೂ ಇಲ್ಲ, "ಹೊಳಿ ಬಂದಾಗ ಕಾಯೂದು ಅದs" ಅಂದ್ಲು. ಎರಡು ಸಲ ಆಗಿದೆ, ಇನ್ನೂ ಇದೆ. ಅವಳ ಫೈಲಿನ ರಟ್ಟಿಗೆ ಒಂದು ಚೀಟಿ ಅಂಟಿಸಿದ್ದೀನಿ, ಯಾವ ಡಾಕ್ಟರು ತೆರೆದ್ರೂ ಮೊದಲು ಕಾಣೋ ಹಾಗೆ, ಕನ್ನಡದಲ್ಲಿ. ನಿಮ್ಮ ಮನೇಲೂ ಇಂಥ ಫೈಲು ಇದ್ರೆ ನಕಲು ಮಾಡಿಕೊಳ್ಳಿ, ಪರ್ಮಿಶನ್ ಬೇಕಿಲ್ಲ:

"ಎಡ ಎದೆಯ ಕ್ಯಾನ್ಸರ್, 2022. ರೇಡಿಯೇಶನ್ ಆಗಿದೆ. ಲೆಟ್ರೊಝೋಲ್ ನಡೆದಿದೆ. ಎಲುಬಿಗೆ ಝೊಲೆಡ್ರೊನಿಕ್ ಆಸಿಡ್ 4 ಮಿಗ್ರಾಂ ಹಾಕಿದ ತಾರೀಖು ಒಳಗಿದೆ. ಹಲ್ಲು ಕೀಳೋ ಮುಂಚೆ, ಹೊಸ ಎಲುಬಿನ ಔಷಧಿ ಬರೆಯೋ ಮುಂಚೆ ಈ ಫೋನಿಗೆ ಮಾಡಿ."

ಕೆಳಗೆ ನನ್ನ ನಂಬರು.